ಟ್ಯೂಬ್ ಸ್ಪ್ರಿಂಗ್ ರಿವರ್ಬ್ ಕಟ್ಟೋದು: ಡ್ರೈವರ್‌ಗೆ 6ವಿ6 ಹಾಕ್ಲಾ, 12ಎಟಿ7 ಸಾಕಾ?

ಬಸವನಗುಡಿ_ಆರುತಂತಿ

ಎಲ್ಲರಿಗೂ ನಮಸ್ಕಾರ. ಎಲೆಕ್ಟ್ರಿಕ್ ಗಿಟಾರ್‌ಗೂ ಆಂಪ್‌ಗೂ ಮಧ್ಯೆ ಹಾಕೋ ಬಿಡಿ ರಿವರ್ಬ್ ಪೆಟ್ಟಿಗೆ ಕಟ್ತಿದ್ದೀನಿ, ಅಂದ್ರೆ ಸದ್ದನ್ನ ಸ್ಪ್ರಿಂಗ್ ಮೂಲಕ ಕಳಿಸಿ ಮಾರ್ದನಿ ಕೊಡೋದು. 6ವಿ6, 12ಎಟಿ7, 12ಎಎಕ್ಸ್7 ಎಲ್ಲಾ ಟ್ಯೂಬ್ (ವಾಲ್ವ್) ನಂಬರ್. ಮಾದರಿ ಫೆಂಡರ್‌ನವರು 1961ರಲ್ಲಿ ತಂದ 6ಜಿ15. ಡ್ವೆಲ್ (ಸ್ಪ್ರಿಂಗ್‌ಗೆ ಎಷ್ಟು ಜೋರಾಗಿ ಕಳಿಸೋದು), ಮಿಕ್ಸರ್, ಟೋನ್ ಅಂತ ಮೂರೇ ನಾಬ್. ಟ್ಯಾಂಕ್, ಅಂದ್ರೆ ಸ್ಪ್ರಿಂಗ್ ಇರೋ ಡಬ್ಬ, ಕೈಲಿದೆ, ನಂಬರ್ 4ಎಬಿ3ಸಿ1ಬಿ. ಸರ್ಕ್ಯೂಟ್ ಮಾತ್ರ ಪೂರ್ತಿ ಅದೇ ಅಲ್ಲ, ಸ್ವಲ್ಪ ನಾನೇ ಬದಲಾಯಿಸಿದ್ದೀನಿ.

ಇನ್‌ಪುಟ್ ಜ್ಯಾಕ್‌ನಲ್ಲೇ ಸಿಗ್ನಲ್ ಎರಡಾಗುತ್ತೆ. ಒಂದು 12ಎಟಿ7ರ ಮೊದಲರ್ಧಕ್ಕೆ: ಪ್ಲೇಟ್‌ಗೆ 100ಕೆ (ಕಿಲೋಓಮ್), ಕ್ಯಾಥೋಡ್‌ಗೆ 1.5ಕೆ, ಅದರ ಮೇಲೆ 25 ಮೈಕ್ರೋಫ್ಯಾರಡ್. ಅಲ್ಲಿಂದ 22 ನ್ಯಾನೋ ಕೆಪಾಸಿಟರ್, 250ಕೆ ಡ್ವೆಲ್ ಪಾಟ್ (ನಾಬ್‌ನ ರೆಸಿಸ್ಟರ್), 6ವಿ6, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್, ಟ್ಯಾಂಕ್. ಟ್ಯಾಂಕ್‌ನಿಂದ ಬಂದದ್ದು 12ಎಎಕ್ಸ್7ರ ಎರಡೂ ಅರ್ಧ ದಾಟುತ್ತೆ, ಮಧ್ಯೆ ಟೋನ್. ಇನ್ನೊಂದು ದಾರಿ ಡ್ರೈ, ರಿವರ್ಬ್ ಇಲ್ಲದ ಸದ್ದು. ಜ್ಯಾಕ್‌ನಿಂದ ನೇರವಾಗಿ 1 ಮೆಗ್ ಮಿಕ್ಸರ್ ಪಾಟ್‌ನ ಒಂದು ತುದಿಗೆ. ಪಾಟ್‌ನ ಇನ್ನೊಂದು ತುದಿಗೆ ವೆಟ್, ಅಂದ್ರೆ ರಿವರ್ಬ್ ಆದದ್ದು. ನಡುವಿನ ಕಾಲು 12ಎಟಿ7ರ ಉಳಿದರ್ಧಕ್ಕೆ, ಕ್ಯಾಥೋಡ್ ಫಾಲೋವರ್ (ಸಿಗ್ನಲ್ ದೊಡ್ಡದು ಮಾಡದೆ ಮುಂದಕ್ಕೆ ದಾಟಿಸೋದು), ಅಲ್ಲಿಂದ ಹೊರಗೆ.

ಕೇಳಬೇಕಾಗಿರೋದು ಮೂರು. ಡ್ರೈವರ್‌ಗೆ, ಅಂದ್ರೆ ಟ್ಯಾಂಕ್ ಓಡಿಸೋ ಟ್ಯೂಬ್ ಆಗಿ, 6ವಿ6 ನಿಜವಾಗ್ಲೂ ಬೇಕಾ? ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇಲ್ಲೇ ಸುತ್ತಿಸಬಹುದಾ? ಪವರ್ ಟ್ರಾನ್ಸ್‌ಫಾರ್ಮರ್ ಸೆಕೆಂಡರಿ 230 ವೋಲ್ಟ್ 50 ಮಿಲಿಆಂಪ್ ಸಾಕಾ?

ಗ್ರಿಡ್‌ಸ್ಟಾಪರ್

ಮೂರನೇದು ಮೊದಲು: ಸಾಲಲ್ಲ. ಬ್ರಿಡ್ಜ್ ರೆಕ್ಟಿಫೈಯರ್ ಆದ್ಮೇಲೆ ನೇರ ಕೆಪಾಸಿಟರ್ ಕೂತಿದ್ರೆ, ನೀವು ಎಳೆಯೋ ಡಿಸಿ ಕರೆಂಟ್‌ನ ಹತ್ತಿರಹತ್ತಿರ 1.8 ಪಟ್ಟು ವೈಂಡಿಂಗ್‌ನಲ್ಲಿ ಹರಿಯುತ್ತೆ. 6ವಿ6ಗೆ 35, ಉಳಿದದ್ದಕ್ಕೆಲ್ಲ ಸೇರಿ ಹತ್ತರ ಒಳಗೆ, ಒಟ್ಟು 45 ಮಿಲಿಆಂಪ್ ಡಿಸಿ ಅಂದ್ಕೊಳ್ಳಿ. ವೈಂಡಿಂಗ್‌ಗೆ 80 ಆಯ್ತು. 50ರದ್ದು ಹಾಕಿದ್ರೆ ಅರ್ಧ ಗಂಟೇಲಿ ಮುಟ್ಟೋಕಾಗಲ್ಲ. 230 ವೋಲ್ಟ್ 100 ಮಿಲಿಆಂಪ್ ಅಂತಲೇ ಹೇಳಿ ಸುತ್ತಿಸಿ.

ಹೀಟರ್ ಲೆಕ್ಕ: 12ಎಟಿ7 0.3, 12ಎಎಕ್ಸ್7 0.3, 6ವಿ6 0.45, ಒಟ್ಟು 1.05 ಆಂಪ್. 6.3 ವೋಲ್ಟ್ ಒಂದೂವರೆ ಆಂಪ್ ಸಾಕು. ತೀರಾ ದೊಡ್ಡದು ಸುತ್ತಿಸಿದ್ರೆ ಲೋಡ್ ಕಮ್ಮಿಯಾಗಿ ಹೀಟರ್ ವೋಲ್ಟೇಜ್ ಮೇಲೆ ಕೂರುತ್ತೆ. ಸೆಂಟರ್ ಟ್ಯಾಪ್ ಕೇಳೋದು ಮರೀಬೇಡಿ. ಮರೆತ್ರೆ ಎರಡು 100 ಓಮ್ ರೆಸಿಸ್ಟರ್, ಎರಡೂ ಕಡೆಯಿಂದ ಗ್ರೌಂಡ್‌ಗೆ.

ಹಳೇರೇಡಿಯೊ_ಜಾಲಹಳ್ಳಿ

ಫಿಲ್ಟರ್ ಕೆಪಾಸಿಟರ್ 450 ವೋಲ್ಟ್‌ದೇ ಹಾಕಿ. 400ರದ್ದು ಸಾಕು ಅಂತ ಅಂಗಡೀಲಿ ಹೇಳ್ತಾರೆ. 230ಕ್ಕೆ ಪೀಕ್ 325 ನಿಜ. ಆದ್ರೆ ಲೈನ್ 250 ತಲುಪಿದಾಗ, ಟ್ಯೂಬ್ ಇನ್ನೂ ಬಿಸಿಯಾಗದೆ ಲೋಡೇ ಇಲ್ಲದ ಮೊದಲ ಹತ್ತು ಸೆಕೆಂಡ್‌ನಲ್ಲಿ, 380 ದಾಟುತ್ತೆ.

ಕಾಯಿಲ್_ಸುತ್ತೋರು

ಎರಡನೇ ಪ್ರಶ್ನೆ ನಂಗೆ ಬಿಡಿ. 6ವಿ6ಗೆ 5ಕೆ ಇಂದ 8 ಓಮ್, ಅಂದ್ರೆ 25ಕ್ಕೆ 1 ಸುತ್ತು. ನಾಲಿಗೆ 16 ಮಿಮೀ, ಸ್ಟ್ಯಾಕ್ 16 ಮಿಮೀ ಇರೋ ಸಣ್ಣ ಇ-ಐ ಕೋರ್ ತಗೊಳ್ಳಿ. ಪ್ರೈಮರಿ 40 ಗೇಜ್ ತಂತಿ 3000 ಸುತ್ತು, ಸೆಕೆಂಡರಿ 28 ಗೇಜ್ 120 ಸುತ್ತು. ಪ್ರೈಮರಿ ಡಿಸಿ ರೆಸಿಸ್ಟನ್ಸ್ 400ರಿಂದ 500 ಓಮ್ ಬರಬೇಕು. ಪ್ರೈಮರಿ ಸೆಕೆಂಡರಿ ಮಧ್ಯೆ ಪಾಲಿಯೆಸ್ಟರ್ ಹಾಳೆ ಮೂರು ಸುತ್ತು, ಕಮ್ಮಿ ಮಾಡಿಸ್ಬೇಡಿ. ಟ್ಯಾಂಕ್ ಕಡೆ ನಿಮ್ಮ ಕೈ ಹೋಗುತ್ತೆ.

ಸುತ್ತೋರಿಗೆ ಇದನ್ನ ಬರೆದೇ ಕೊಡಿ: ಸ್ಟ್ಯಾಂಪಿಂಗ್ ಒಂದು ಇ ಈ ಕಡೆ, ಒಂದು ಇ ಆ ಕಡೆ ಅಂತ ಹೆಣೀಬಾರದು. ಎಲ್ಲಾ ಇ ಒಂದೇ ಕಡೆ, ಎಲ್ಲಾ ಐ ಎದುರಿಗೆ, ಮಧ್ಯೆ 0.1 ಮಿಮೀ ಕಾಗದ. 6ವಿ6ನ 35 ಮಿಲಿಆಂಪ್ ಡಿಸಿ ಈ ಪ್ರೈಮರಿ ಮೂಲಕವೇ ಹೋಗುತ್ತೆ. ಗ್ಯಾಪ್ ಇಲ್ದಿದ್ರೆ ಕೋರ್ ಅಲ್ಲೇ ಸ್ಯಾಚುರೇಟ್ ಆಗಿ (ಮ್ಯಾಗ್ನೆಟಿಸಂ ತುಂಬಿಹೋಗಿ) ಇಂಡಕ್ಟನ್ಸ್ ಬಿದ್ದುಹೋಗುತ್ತೆ. ಈ ಲೆಕ್ಕದಲ್ಲಿ ಸುಮಾರು 14 ಹೆನ್ರಿ ಬರುತ್ತೆ. ಇದಕ್ಕೆ ಧಾರಾಳ. ಎಸ್‌.ಪಿ. ರೋಡ್ ಸುತ್ತಮುತ್ತ ಸುತ್ತಿಕೊಡೋರು ಇನ್ವರ್ಟರ್, ಸ್ಟೆಬಿಲೈಸರ್ ಕೆಲಸದಲ್ಲೇ ಇರೋರು. ಹೇಳದಿದ್ರೆ ಅಭ್ಯಾಸಬಲದಿಂದ ಹೆಣೆದೇ ಕೊಡ್ತಾರೆ.

ವೈಟ್‌ಫೀಲ್ಡ್_ಟೋನ್

ಪಿಎ ಸಿಸ್ಟಂನ ಕಾಲಂ ಸ್ಪೀಕರ್ ಒಳಗೆ 100 ವೋಲ್ಟ್ ಲೈನ್ ಟ್ರಾನ್ಸ್‌ಫಾರ್ಮರ್ ಇರುತ್ತಲ್ಲ, 2 ವಾಟ್ ಟ್ಯಾಪ್ ಸರಿಯಾಗಿ 5ಕೆ ಆಗುತ್ತೆ. ಅದನ್ನೇ ಹಾಕಿದ್ರೆ ಮುಗೀತಲ್ಲ?

ಕಾಯಿಲ್_ಸುತ್ತೋರು

ಲೆಕ್ಕ ಸರಿ ಸರ್, 100ರ ವರ್ಗ ಭಾಗಿಸು 2, 5000. ಆದ್ರೆ ಅದು ಹೆಣೆದ ಕೋರ್, ಗ್ಯಾಪ್ ಇಲ್ಲ. ಬಿಚ್ಚಿ ಇ ಐ ಬೇರೆ ಮಾಡಿ ಕಾಗದ ಇಟ್ಟು ಮತ್ತೆ ಜೋಡಿಸಿದ್ರೆ ಆಗುತ್ತೆ. ವಾರ್ನಿಷ್ ಹಾಕಿ ಬೇಯಿಸಿದ್ದಾದ್ರೆ ಬಿಚ್ಚುವಾಗ ಬಾಬಿನ್ ಒಡೆಯುತ್ತೆ. ಇನ್ನೊಂದು, ಅದರ ಇನ್ಸುಲೇಷನ್ 300 ವೋಲ್ಟ್ ಡಿಸಿ ಹೊತ್ತು ಕೂರೋಕೆ ಅಂತ ಮಾಡಿದ್ದಲ್ಲ. ಹೊಸದಾಗಿ ಸುತ್ತಿಸೋದೇ ವಾಸಿ.

ಸಿಗ್ನಲ್_ಪಥ

ಈಗ 6ವಿ6 ಬೇಕಾ ಅನ್ನೋ ಪ್ರಶ್ನೆಗೆ. ಅಂದಾಜಲ್ಲಿ ಜಗಳ ಆಡೋ ಬದಲು ಲೆಕ್ಕ ಹಾಕೋಣ.

ಟ್ಯಾಂಕ್ ನಂಬರ್‌ನ ಮೊದಲಲ್ಲಿ 4ಎ ಅಂದ್ರೆ ಇನ್‌ಪುಟ್ ಕಾಯಿಲ್ 8 ಓಮ್. ಅದು 1 ಕಿಲೋಹರ್ಟ್ಸ್‌ನಲ್ಲಿ ಮಾತ್ರ. ಕಾಯಿಲ್ ಅಲ್ವಾ, 4 ಕಿಲೋಹರ್ಟ್ಸ್‌ನಲ್ಲಿ 32 ಓಮ್, 100 ಹರ್ಟ್ಸ್‌ನಲ್ಲಿ ಬರೀ ತಂತಿಯ ರೆಸಿಸ್ಟನ್ಸ್‌ನಷ್ಟೇ. ಸ್ಪ್ರಿಂಗ್ ತುದಿಯ ಮ್ಯಾಗ್ನೆಟ್ ತಿರುಗೋದು ಕರೆಂಟ್‌ಗೆ, ವೋಲ್ಟೇಜ್‌ಗಲ್ಲ. ಅದಕ್ಕೇ ಟ್ಯೂಬ್ ಡ್ರೈವ್ ಇಷ್ಟು ಚೆನ್ನಾಗಿ ಕೇಳಿಸೋದು. ಪೆಂಟೋಡ್ ಥರ ಕೆಲಸ ಮಾಡೋ 6ವಿ6 ತನ್ನಷ್ಟಕ್ಕೆ ಕರೆಂಟ್ ತಳ್ಳುತ್ತೆ, ಮೇಲಿನ ಸ್ವರಗಳು ಕಾಯಿಲ್‌ನಲ್ಲಿ ಸಾಯಲ್ಲ. ಸ್ಪೀಕರ್ ಓಡಿಸೋ ಚಿಪ್ ಆಂಪ್ ಹಾಕಿದೋರಿಗೆ ರಿವರ್ಬ್ ಕೆಸರಾಗಿ ಕೇಳೋದು ಇದೇ ಕಾರಣಕ್ಕೆ.

ಈ ಕಾಯಿಲ್‌ಗೆ ತಯಾರಕರು ಹೇಳೋ ಸಾಮಾನ್ಯ ಡ್ರೈವ್ 28 ಮಿಲಿಆಂಪ್, ಪೀಕ್ ಲೆಕ್ಕದಲ್ಲಿ 40. 6ವಿ6 35 ಮಿಲಿಆಂಪ್‌ನಲ್ಲಿ ಕೂತಿದ್ರೆ, 25ರ ಅನುಪಾತಕ್ಕೆ ಟ್ಯಾಂಕ್ ಕಡೆ 875 ಮಿಲಿಆಂಪ್ ಪೀಕ್ ತನಕ ಕೊಡಬಲ್ಲದು. 12ಎಟಿ7ರ ಎರಡೂ ಅರ್ಧ ಪ್ಯಾರಲಲ್ ಮಾಡಿ 25ಕೆ ಟ್ರಾನ್ಸ್‌ಫಾರ್ಮರ್ ಹಾಕಿದ್ರೆ ಅನುಪಾತ 56. 4 ಮಿಲಿಆಂಪ್ ಅಂದ್ರೂ 224 ಪೀಕ್. ಬೇಕಾದ್ದಕ್ಕಿಂತ ಐದು ಪಟ್ಟು. ಫೆಂಡರ್‌ನವರೇ 1963ರಿಂದ ಆಂಪ್ ಒಳಗೇ ರಿವರ್ಬ್ ಕೊಡೋಕೆ ಶುರು ಮಾಡಿದ್ಮೇಲೆ ಹಿಡಿದ ದಾರಿ ಇದು. ನನ್ನ ಮತ 12ಎಟಿ7ಗೆ. ಹೀಟರ್ ಕಮ್ಮಿ, ಶಾಖ ಕಮ್ಮಿ, ಪವರ್ ಟ್ರಾನ್ಸ್‌ಫಾರ್ಮರ್ ಅರ್ಧ ಸಾಕು.

ಡ್ವೆಲ್_ಹತ್ತು

ಕಾಗದದ ಮೇಲೆ ಸಾಕು. ಆದ್ರೆ ಬಿಡಿ ಯೂನಿಟ್‌ನ ಆ ತೊಟ್ಟಿಕ್ಕೋ ಸದ್ದು, ತಂತಿ ಮೀಟಿದ ಕೂಡಲೇ ಬರೋ ಚಿಳುಕ್, ಅದು 12ಎಟಿ7 ಡ್ರೈವ್‌ನಲ್ಲಿ ಅಷ್ಟು ಬರಲ್ಲ. ಕಾರಣವೂ ನಿಮ್ಮ ಲೆಕ್ಕದಲ್ಲೇ ಇದೆ. 4 ಕಿಲೋಹರ್ಟ್ಸ್‌ನಲ್ಲಿ ಕಾಯಿಲ್ 32 ಓಮ್. ಪ್ಲೇಟ್ ಸ್ವಿಂಗ್ ಎರಡಕ್ಕೂ 280 ವೋಲ್ಟ್ ಅಂತ ಹಿಡಿದ್ರೆ 12ಎಟಿ7 ಕಡೆ 280 ಭಾಗಿಸು 56, ಅಂದ್ರೆ 5 ವೋಲ್ಟ್, 156 ಮಿಲಿಆಂಪ್‌ಗೇ ಮುಗೀತು. 6ವಿ6 ಕಡೆ 11 ವೋಲ್ಟ್, 350 ಮಿಲಿಆಂಪ್. ಮೀಟಿದ ಮೊದಲ ಕ್ಷಣದ ಹೊಡೆತದಲ್ಲಿ ಮೇಲಿನ ಸ್ವರ ದುಪ್ಪಟ್ಟಿಗಿಂತ ಜಾಸ್ತಿ ಹೋಗುತ್ತೆ. ಸರ್ಫ್ (ರಿವರ್ಬ್ ತುಂಬಿದ ಗಿಟಾರ್ ಸಂಗೀತ) ಬಾರಿಸೋರಿಗೆ ಬೇಕಾಗಿರೋದೇ ಅದು.

ಸಿಗ್ನಲ್_ಪಥ

ಆ ಹೊಡೆತ ತಡ್ಕೊಳ್ಳೋಕೆ ಕಾಯಿಲ್ ಕೋರ್‌ಗೆ ಆಗಬೇಕಲ್ಲ. ಅದು ಮೊದಲೇ ಸ್ಯಾಚುರೇಟ್ ಆಗಿರುತ್ತೆ.

ಡ್ವೆಲ್_ಹತ್ತು

ಆಗ್ಲಿ ಸರ್. ಸ್ಯಾಚುರೇಟ್ ಆಗೋ ಅಂಚೇ ಆ ಸದ್ದಿನ ಅರ್ಧ. ಡ್ವೆಲ್ ನಾಬ್ ಇರೋದೇ ಆ ಅಂಚು ಹುಡುಕೋಕೆ.

ಸಿಗ್ನಲ್_ಪಥ

ಸರಿ, ಸರ್ಫ್‌ಗೆ 6ವಿ6, ಮಿಕ್ಕಿದ್ದಕ್ಕೆ 12ಎಟಿ7. ಆದ್ರೆ ಯಾವುದೇ ಹಾಕಿದ್ರೂ ಆ 22 ನ್ಯಾನೋ ತೆಗೀರಿ. 250ಕೆ ಜೊತೆ ಅದು 29 ಹರ್ಟ್ಸ್ ತನಕ ಬಿಡುತ್ತೆ. ಕೆಳಗಿನ ತಂತಿ ಬಾರಿಸಿದಾಗ ಕೋರ್ ಎಲ್ಲಾ ಬಾಸ್‌ನಿಂದಲೇ ತುಂಬಿ ಮೇಲಿನದ್ದಕ್ಕೆ ಜಾಗ ಇರಲ್ಲ, ಸ್ಪ್ರಿಂಗ್ ಕೂಡ ಗೊಳಗೊಳ ಅನ್ನುತ್ತೆ. 2.2 ನ್ಯಾನೋ ಹಾಕಿದ್ರೆ 289 ಹರ್ಟ್ಸ್. ಆಂಪ್ ಒಳಗಿನ ರಿವರ್ಬ್‌ಗಳಲ್ಲಿ 500 ಪಿಕೋ, 1 ಮೆಗ್ ಇರೋದೂ ಇದಕ್ಕೇ, 318 ಹರ್ಟ್ಸ್. 6ವಿ6 ಗ್ರಿಡ್‌ಗೆ 1.5ಕೆ ಸ್ಟಾಪರ್, ಕ್ಯಾಥೋಡ್‌ಗೆ 470 ಓಮ್ 2 ವಾಟ್.

ಮಲ್ಲೇಶ್ವರಂ_ಮ್ಯಾಂಡೊಲಿನ್

ಸ್ವಲ್ಪ ಆಚೆ ಹೋಗ್ತೀನಿ, ಕ್ಷಮಿಸಿ. ಇದೇ ಪೆಟ್ಟಿಗೆ ಎಲೆಕ್ಟ್ರಿಕ್ ಮ್ಯಾಂಡೊಲಿನ್‌ಗೆ, ಪೀಜೋ ಪಿಕಪ್ ಹಾಕಿದ ವೀಣೆಗೆ ಆಗುತ್ತಾ?

ಗ್ರಿಡ್‌ಸ್ಟಾಪರ್

ಮ್ಯಾಗ್ನೆಟಿಕ್ ಪಿಕಪ್ ಇರೋ ಮ್ಯಾಂಡೊಲಿನ್‌ಗೆ ಹಾಗೇ ಆಗುತ್ತೆ. ಪೀಜೋಗೆ ಇನ್‌ಪುಟ್ ಗ್ರಿಡ್ ಲೀಕ್ 1 ಮೆಗ್ ಬದಲು 4.7 ಮೆಗ್ ಮಾಡಿ, ಇಲ್ಲಾಂದ್ರೆ ಮಂದ್ರದ ತಂತಿ ತೆಳ್ಳಗಾಗುತ್ತೆ. ಗಮಕದ ಕೈಗೆ ಡ್ವೆಲ್ ಕಮ್ಮಿ ಇಡಿ ಮೇಡಂ. ಟ್ಯಾಂಕ್ ನಂಬರಲ್ಲಿ 3ರ ಬದಲು 1 ಇರೋದು, ಅಂದ್ರೆ ಡಿಕೇ (ರಿವರ್ಬ್ ಆರೋ ಹೊತ್ತು) ಎರಡು ಸೆಕೆಂಡ್ ಒಳಗಿರೋದು ತಗೊಂಡ್ರೆ ಸ್ವರದ ಮೇಲೆ ಸ್ವರ ಏರಲ್ಲ.

ಹೊಸಬ_560085

ಟ್ಯಾಂಕ್ ನಂಬರ್ ಓದೋದು ಹೇಗೆ? ಜಾಹೀರಾತಲ್ಲಿ ಬರೀ ನಂಬರ್ ಇರುತ್ತೆ.

ಸಿಗ್ನಲ್_ಪಥ

4ಎಬಿ3ಸಿ1ಬಿ. 4 ಅಂದ್ರೆ ಉದ್ದದ ಟ್ಯಾಂಕ್, ಸುಮಾರು 425 ಮಿಮೀ, ಎರಡು ಸ್ಪ್ರಿಂಗ್ ಸಾಲು. ಒಂದರ ವಿಳಂಬ 33, ಇನ್ನೊಂದರದ್ದು 41 ಮಿಲಿಸೆಕೆಂಡ್. 9 ಆದ್ರೆ ಅಷ್ಟೇ ಉದ್ದ, ಮೂರು ಸಾಲು, ಇನ್ನೂ ದಟ್ಟ. 8 ಆದ್ರೆ ಗಿಡ್ಡ, 235 ಮಿಮೀ. ಎ ಇನ್‌ಪುಟ್ 8 ಓಮ್. ಬಿ ಔಟ್‌ಪುಟ್ 2250 ಓಮ್. 3 ಉದ್ದ ಡಿಕೇ. ಸಿ ಅಂದ್ರೆ ಇನ್‌ಪುಟ್ ಸಾಕೆಟ್ ಡಬ್ಬಕ್ಕೆ ತಗಲಿಲ್ಲ, ಔಟ್‌ಪುಟ್ ತಗಲಿದೆ. 1 ಬಿಡಿ, ಲಾಕ್ ಇಲ್ಲ ಅಂತ. ಕೊನೆ ಬಿ: ಬಾಯಿ ಕೆಳಗೆ ಮಾಡಿ ಅಡ್ಡ ಮಲಗಿಸಬೇಕು. ಇದರಲ್ಲಿ ಎ, ಬಿ, ಸಿ ಅನ್ನೋ ಮೊದಲ ಮೂರು ಅಕ್ಷರ ತಪ್ಪಿದ್ರೆ ಸರ್ಕ್ಯೂಟ್ ಹೊಂದಲ್ಲ.

ಹಳೇ ಟ್ಯಾಂಕ್ ಕೊಳ್ಳೋವಾಗ ಮೀಟರ್ ತಗೊಂಡು ಹೋಗಿ. ಈ ನಮೂನೆಗೆ ಇನ್‌ಪುಟ್ 0.8 ಓಮ್, ಔಟ್‌ಪುಟ್ 200 ಓಮ್ ತೋರಿಸಬೇಕು. 0.8 ನೋಡೋ ಮುಂಚೆ ಮೀಟರ್‌ನ ಎರಡು ಕಡ್ಡಿ ಮುಟ್ಟಿಸಿ ಬಂದಷ್ಟು ಕಳೀರಿ. ಇನ್‌ಪುಟ್ 58 ಓಮ್ ತೋರಿಸಿದ್ರೆ ಅದು 600 ಓಮ್‌ನ ಇ, ಟ್ರಾನ್ಸಿಸ್ಟರ್ ಆಂಪ್‌ಗೆ ಮಾಡಿದ್ದು. ಏನೂ ತೋರಿಸದಿದ್ರೆ ಸಾಕೆಟ್‌ನಿಂದ ಕಾಯಿಲ್‌ಗೆ ಹೋಗೋ ಕೂದಲೆಳೆಯ ತಂತಿ ಕಿತ್ತಿದೆ. ಬಹಳ ಸಲ ಅಷ್ಟೇ ಆಗಿರುತ್ತೆ, ಸಣ್ಣ ಮೊನೆಯ ಐರನ್‌ನಿಂದ ಮತ್ತೆ ಬೆಸೆಯಬಹುದು.

ವೈಟ್‌ಫೀಲ್ಡ್_ಟೋನ್

ಒಂದು ಡಿಜಿಟಲ್ ಪೆಡಲ್ ಬೆಲೆಗೆ ಇಷ್ಟೆಲ್ಲಾ ಯಾಕೆ ಅಂತ ಕೇಳೋರಿದ್ದಾರೆ.

ಡ್ವೆಲ್_ಹತ್ತು

ಪೆಡಲ್ ಒಂದು ಸ್ಪ್ರಿಂಗ್‌ನ ನಕಲು ಕೊಡುತ್ತೆ. ಇಲ್ಲಿ ನೀವು ಗಟ್ಟಿಯಾಗಿ ಮೀಟಿದ್ರೆ ಸ್ಪ್ರಿಂಗ್ ನಿಜವಾಗಿ ಬೇರೆ ಥರ ಒದರುತ್ತೆ. ನನಗೆ ಅಷ್ಟು ಸಾಕು.

ಹಳೇರೇಡಿಯೊ_ಜಾಲಹಳ್ಳಿ

ಟ್ಯೂಬ್ ಹುಡುಕೋರಿಗೆ ಒಂದು ಮಾತು. 1954ರಲ್ಲಿ ಶುರುವಾದ ನಮ್ಮ ಜಾಲಹಳ್ಳಿಯ ಬಿಇಎಲ್ ಒಂದು ಕಾಲಕ್ಕೆ ರೇಡಿಯೊ ವಾಲ್ವ್‌ಗಳನ್ನೂ ಮಾಡ್ತಿತ್ತು. ಹಳೇ ಸೆಟ್‌ಗಳಲ್ಲಿ ಇಎಲ್84, ಇಸಿಎಲ್82 ಇನ್ನೂ ಸಿಗುತ್ತೆ. 6ವಿ6 ಬದಲು ಇಎಲ್84 ಹಾಕಬಹುದು, ಪ್ಲೇಟ್ ಮಿತಿ 12 ವಾಟ್. ಆದ್ರೆ ಹೀಟರ್ 0.76 ಆಂಪ್, ಬೇಸ್ 9 ಪಿನ್. ಕ್ಯಾಥೋಡ್ ರೆಸಿಸ್ಟರ್ ಬೇರೆ ಲೆಕ್ಕ ಹಾಕಬೇಕು. ಇಸಿಎಲ್82 ಒಳಗಿನ ಪೆಂಟೋಡ್ 7 ವಾಟ್ ಮಾತ್ರ, ಅದನ್ನ 300 ವೋಲ್ಟ್‌ಗೆ 35 ಮಿಲಿಆಂಪ್ ಓಡಿಸಿದ್ರೆ ಪ್ಲೇಟ್ ಕೆಂಪಾಗುತ್ತೆ.

ಶೀಟ್‌ಮೆಟಲ್_ಪೀಣ್ಯ

ಚಾಸಿಗೆ 1.6 ಮಿಮೀ ಅಲ್ಯುಮಿನಿಯಂ ಸಾಕು. ಕಬ್ಬಿಣದ ಚಾಸಿ ಬೇಡ, ಟ್ರಾನ್ಸ್‌ಫಾರ್ಮರ್‌ನ ಫೀಲ್ಡ್ ಅದರಲ್ಲಿ ಹರಿದು ಟ್ಯಾಂಕ್ ತನಕ ಹೋಗುತ್ತೆ. ಪೀಣ್ಯದಲ್ಲಿ ಬಗ್ಗಿಸಿ ಕೊಡ್ತಾರೆ, ಆದ್ರೆ ತೂತು ಬಗ್ಗಿಸೋ ಮುಂಚೆ ಹಾಕಿಸಿ. ಸಾಕೆಟ್ ಕೈಲಿಟ್ಕೊಂಡು ಅಳೆದೇ ವ್ಯಾಸ ಹೇಳಿ, 9 ಪಿನ್ ಸಾಕೆಟ್‌ಗಳೇ ಎರಡು ಮೂರು ಅಳತೇಲಿ ಬರುತ್ತೆ.

ಅರ್ತಿಂಗ್_ಮುಖ್ಯ

ಹೊಸಬರು ಓದ್ತಿದ್ದಾರೆ, ಅದಕ್ಕೆ ಇದು. ಒಳಗೆ 300 ವೋಲ್ಟ್‌ಗೂ ಮೇಲೆ ಡಿಸಿ ಇದೆ. ಮನೇಲಿ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ಕಡಿಯೋ ಸ್ವಿಚ್) ಇದೆ ಅನ್ನೋ ಧೈರ್ಯ ಬೇಡ. ಟ್ರಾನ್ಸ್‌ಫಾರ್ಮರ್‌ನ ಸೆಕೆಂಡರಿ ಕಡೆ ಹೊಡೆದ ಶಾಕ್ ಆರ್‌ಸಿಸಿಬಿಗೆ ಕಾಣೋದೇ ಇಲ್ಲ. ಮೊದಲ ಕೆಪಾಸಿಟರ್ ಮೇಲೆ 220ಕೆ 2 ವಾಟ್ ಬ್ಲೀಡರ್ (ಆಫ್ ಮಾಡಿದ್ಮೇಲೆ ಕೆಪಾಸಿಟರ್ ಖಾಲಿ ಮಾಡೋ ರೆಸಿಸ್ಟರ್) ಕಾಯಂ ಇರ್ಲಿ. ಒಟ್ಟು 100 ಮೈಕ್ರೋಫ್ಯಾರಡ್ ಇದ್ರೆ ಖಾಲಿಯಾಗೋಕೆ ಎರಡು ನಿಮಿಷ ಬೇಕು. ಆಮೇಲೂ ಮೀಟರ್ ಇಟ್ಟು ನೋಡಿಯೇ ಕೈ ಹಾಕಿ. ಮೂರು ಪಿನ್ ಪ್ಲಗ್, ಅರ್ತ್ ತಂತಿ ಚಾಸಿಗೆ ತನ್ನದೇ ಬೋಲ್ಟ್‌ನಲ್ಲಿ, ಆ ಬೋಲ್ಟ್‌ನಲ್ಲಿ ಬೇರೇನೂ ಇಲ್ಲ. ಪ್ರೈಮರಿಗೆ 500 ಮಿಲಿಆಂಪ್ ಸ್ಲೋ ಫ್ಯೂಸ್.

ಮೊದಲ ಸಲ ಆನ್ ಮಾಡೋದು ಸೀರೀಸ್ ಬೋರ್ಡ್ ಮೂಲಕ, 40 ವಾಟ್ ಹಳೇ ಫಿಲಮೆಂಟ್ ಬಲ್ಬ್ ಹಾಕಿ. ಎಲ್‌ಇಡಿ ಬಲ್ಬ್ ಈ ಕೆಲಸಕ್ಕೆ ಬರಲ್ಲ. ಒಮ್ಮೆ ಮಿನುಗಿ ಮಂದವಾದ್ರೆ ಸರಿ, ಪೂರ್ತಿ ಉರಿದ್ರೆ ಒಳಗೆ ಶಾರ್ಟ್. ಮತ್ತೆ, ಟ್ಯಾಂಕ್ ಇನ್‌ಪುಟ್ ಕೇಬಲ್ ಕಳಚಿ 6ವಿ6 ಓಡಿಸಿ ಗಿಟಾರ್ ಬಾರಿಸ್ಬೇಡಿ. ಲೋಡ್ ಇಲ್ಲದ ಪ್ರೈಮರಿಯಲ್ಲಿ ವೋಲ್ಟೇಜ್ ಚಿಮ್ಮಿ ಇನ್ಸುಲೇಷನ್ ಹರಿಯುತ್ತೆ.

ಬಸವನಗುಡಿ_ಆರುತಂತಿ

ಎಲ್ಲರಿಗೂ ಧನ್ಯವಾದ. ಕಟ್ಟಿ ಆಯ್ತು, 6ವಿ6 ಜೊತೆಗೇ. ಟ್ರಾನ್ಸ್‌ಫಾರ್ಮರ್ ಕಾಯಿಲ್ ಸರ್ ಹೇಳಿದ ಹಾಗೇ, ಪ್ರೈಮರಿ 440 ಓಮ್ ಬಂತು. ವೋಲ್ಟೇಜ್: ಮೊದಲ ಕೆಪಾಸಿಟರ್ 312. ಅಲ್ಲಿಂದ 2.2ಕೆ ದಾಟಿ ಸ್ಕ್ರೀನ್‌ಗೆ 296, ಮುಂದೆ 10ಕೆ ದಾಟಿ ಪ್ರೀಆಂಪ್‌ಗೆ 257. 6ವಿ6 ಕ್ಯಾಥೋಡ್ 16.4. ರಿವರ್ಬ್ ಬರ್ತಿದೆ, ಸದ್ದು ತುಂಬಾ ಚೆನ್ನಾಗಿದೆ. ಆದ್ರೆ ಎರಡು ತೊಂದರೆ.

ಒಂದು, ಮಿಕ್ಸರ್ ವೆಟ್ ಕಡೆ ತಿರುಗಿಸಿದ್ರೆ ಗುಂಯ್ ಅಂತ ಹಮ್. ಎರಡು, ಡ್ವೆಲ್ 6 ದಾಟಿದ್ರೆ ಊಊ ಅಂತ ಕೂಗು ಏರ್ತಾ ಹೋಗುತ್ತೆ, ನಿಲ್ಲೋದೇ ಇಲ್ಲ.

ಗ್ರಿಡ್‌ಸ್ಟಾಪರ್

ವೋಲ್ಟೇಜ್ ಎಲ್ಲಾ ಸರಿ ಇದೆ. ಹಮ್ ಯಾವ ಥರದ್ದು? ದಪ್ಪ ಮೆತ್ತನೆ ಆದ್ರೆ 50 ಹರ್ಟ್ಸ್, ಮ್ಯಾಗ್ನೆಟಿಕ್ ಇಲ್ಲಾ ಹೀಟರ್. ಜೀರುಂಡೆ ಥರ ಮೊನಚು ಆದ್ರೆ 100 ಹರ್ಟ್ಸ್, ಫಿಲ್ಟರ್. ಪರೀಕ್ಷೆ ಹೀಗೆ: ಟ್ಯಾಂಕ್ ಔಟ್‌ಪುಟ್ ಕೇಬಲ್ ಕಳಚಿ, ಚಾಸಿ ಕಡೆಯ ಸಾಕೆಟ್‌ಗೆ ಶಾರ್ಟ್ ಮಾಡಿದ ಪ್ಲಗ್ ಹಾಕಿ. ಹಮ್ ಹೋದ್ರೆ ಟ್ಯೂಬ್ ತಪ್ಪಲ್ಲ, ಟ್ಯಾಂಕೇ ಹಿಡೀತಿದೆ.

ಬಸವನಗುಡಿ_ಆರುತಂತಿ

ದಪ್ಪ ಹಮ್ಮೇ. ಶಾರ್ಟ್ ಪ್ಲಗ್ ಹಾಕಿದ್ರೆ ಪೂರ್ತಿ ಹೋಯ್ತು.

ಗ್ರಿಡ್‌ಸ್ಟಾಪರ್

ಹಾಗಾದ್ರೆ ಟ್ಯಾಂಕ್‌ನ ಔಟ್‌ಪುಟ್ ತುದಿ ಪವರ್ ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲೇ ಇದೆ. ಅದು ಕೊಡೋದು ಕೆಲವೇ ಮಿಲಿವೋಲ್ಟ್, ಆ ತುದೀಲಿರೋ ಕಾಯಿಲ್ ಸಿಕ್ಕ ಫೀಲ್ಡ್ ಎಲ್ಲಾ ಹೀರುತ್ತೆ. ಟ್ಯಾಂಕ್ ತುದಿ ಬದಲು ಮಾಡಿ, ಔಟ್‌ಪುಟ್ ದೂರ ಹೋಗ್ಲಿ. 30 ಸೆಂಟಿಮೀಟರ್ ಆದ್ರೂ ಅಂತರ ಬೇಕು. ಸ್ಕ್ರೂ ಹಾಕೋ ಮುಂಚೆ ಕೈಲಿ ಹಿಡಿದು ತಿರುಗಿಸ್ತಾ ಕೇಳಿ, ಒಂದು ಕೋನದಲ್ಲಿ ಹಮ್ ಥಟ್ಟನೆ ಬೀಳುತ್ತೆ. ಟ್ಯಾಂಕ್ ಡಬ್ಬದ ಗ್ರೌಂಡ್ ಔಟ್‌ಪುಟ್ ಕೇಬಲ್‌ನ ಜಾಲರಿ ಮೂಲಕ ಮಾತ್ರ ಹೋಗಬೇಕು. ಡಬ್ಬ ಇನ್ನೆಲ್ಲಾದ್ರೂ ಚಾಸಿಗೆ ತಗಲಿದ್ರೆ ಲೂಪ್ ಆಗಿ ಮತ್ತೆ 50 ಹರ್ಟ್ಸ್ ಹಿಡಿಯುತ್ತೆ. ನಿಮ್ಮದು ಸಿ ನಮೂನೆ ಆಗಿರೋದು ಒಳ್ಳೇದೇ ಆಯ್ತು.

ಡ್ವೆಲ್_ಹತ್ತು

ಕೂಗಿಗೆ: ಟ್ಯಾಂಕನ್ನ ಪ್ಲೈವುಡ್‌ಗೆ ಬಿಗಿಯಾಗಿ ಸ್ಕ್ರೂ ಮಾಡಿದ್ದೀರಾ? ಸ್ಪೀಕರ್ ಅದುರು ಸ್ಪ್ರಿಂಗ್‌ಗೆ ಹೋಗ್ತಿರುತ್ತೆ. ರಬ್ಬರ್ ಗ್ರಾಮೆಟ್ ಹಾಕಿ ಸಡಿಲ ಬಿಡಿ, ಪೆಟ್ಟಿಗೆ ಆಂಪ್ ಮೇಲಿಂದ ಇಳಿಸಿ.

ಬಸವನಗುಡಿ_ಆರುತಂತಿ

ತುದಿ ಬದಲು ಮಾಡಿದ್ಮೇಲೆ ಹಮ್ ಬಹುತೇಕ ಇಲ್ಲ. ಕೂಗು ಮಾತ್ರ ಹಾಗೇ ಇದೆ. ಪೆಟ್ಟಿಗೇನೇ ಪಕ್ಕದ ಕೋಣೆಗೆ ತಗೊಂಡು ಹೋಗಿ, ಫೋಮ್ ಮೇಲಿಟ್ಟು, ಬಾಗಿಲು ಹಾಕಿ ನೋಡಿದೆ. ಅದೇ ಕೂಗು. ಒಂದು ವಿಚಿತ್ರ: ಗಿಟಾರ್ ವಾಲ್ಯೂಮ್ 10ರಲ್ಲಿದ್ರೆ ಇಲ್ಲ, 7ಕ್ಕೆ ಇಳಿಸಿದ್ರೆ ಶುರು, 1ಕ್ಕೆ ಇಳಿಸಿದ್ರೆ ಮತ್ತೆ ಇಲ್ಲ.

ಡ್ವೆಲ್_ಹತ್ತು

ಪಕ್ಕದ ಕೋಣೇಲೂ ಅಂದ್ರೆ ಸ್ಪೀಕರ್ ಅಲ್ಲ. ನನ್ನ ಮಾತು ವಾಪಸ್. 12ಎಎಕ್ಸ್7 ಮೈಕ್ರೋಫೋನಿಕ್ (ಅದುರಿದ್ರೆ ಮೈಕ್ ಥರ ಸದ್ದು ಹಿಡಿಯೋದು) ಇರಬಹುದು, ಪೆನ್ಸಿಲ್‌ನಿಂದ ಮೆಲ್ಲಗೆ ತಟ್ಟಿ ನೋಡಿ.

ಸಿಗ್ನಲ್_ಪಥ

ಟ್ಯೂಬ್ ಬೇಡ, ಗಿಟಾರ್ ವಾಲ್ಯೂಮ್ ಹೇಳ್ತಿದೆ ಉತ್ತರ. ಮೊದಲ ಪೋಸ್ಟ್‌ನಲ್ಲೇ ಇತ್ತು, ನಾವ್ಯಾರೂ ನೋಡಲಿಲ್ಲ.

ಮಿಕ್ಸರ್ ಪಾಟ್‌ನ ಒಂದು ತುದಿ ವೆಟ್, ಇನ್ನೊಂದು ತುದಿ ನೇರ ಇನ್‌ಪುಟ್ ಜ್ಯಾಕ್. ಅಂದ್ರೆ ವೆಟ್ ಸಿಗ್ನಲ್ 1 ಮೆಗ್ ಮೂಲಕ ವಾಪಸ್ ಇನ್‌ಪುಟ್‌ಗೇ ಹರೀತಿದೆ. ಅಲ್ಲಿಂದ ಮತ್ತೆ ಮೊದಲ ಟ್ಯೂಬ್, ಡ್ವೆಲ್, ಸ್ಪ್ರಿಂಗ್, ವಾಪಸ್. ಗಿಟಾರ್ ವಾಲ್ಯೂಮ್ 10ರಲ್ಲಿದ್ರೆ ಪಿಕಪ್‌ನ ಕೆಲವು ಕಿಲೋಓಮ್ ಆ ಸೋರಿಕೇನ ಗ್ರೌಂಡ್‌ಗೆ ಎಳೆಯುತ್ತೆ. 1ರಲ್ಲೂ ಅಷ್ಟೇ. 500ಕೆ ಪಾಟ್‌ನ ರೆಸಿಸ್ಟನ್ಸ್ ಅರ್ಧಕ್ಕರ್ಧ ಆಗೋ ಜಾಗದಲ್ಲಿ, ಲಾಗ್ ಪಾಟ್‌ಗೆ ಅದು 7-8ರ ಹತ್ತಿರ, ಗಿಟಾರ್ 125ಕೆ ಥರ ಕಾಣುತ್ತೆ. ಇನ್‌ಪುಟ್‌ನ 1 ಮೆಗ್ ಜೊತೆ 111ಕೆ. ಸೋರಿಕೆ 111 ಭಾಗಿಸು 1111, ಸರಿಯಾಗಿ ಹತ್ತರಲ್ಲೊಂದು. 12ಎಎಕ್ಸ್7ರ ಎರಡು ಸ್ಟೇಜ್ ದಾಟಿ ಬಂದ ವೆಟ್, ಇನ್‌ಪುಟ್‌ಗಿಂತ ಹತ್ತು ಪಟ್ಟು ಆದ ಕ್ಷಣ ಲೂಪ್ ಗೇನ್ 1, ಅಂದ್ರೆ ಸುತ್ತಿ ಬಂದ ಸಿಗ್ನಲ್ ಕಮ್ಮಿಯಾಗೋದೇ ಇಲ್ಲ. ಅದು ನಿಮ್ಮ ಡ್ವೆಲ್ 6. ಖಾತ್ರಿಗೆ ಪಾಟ್‌ನ ಡ್ರೈ ತುದಿಯ ತಂತಿ ಬಿಚ್ಚಿ ನೋಡಿ.

ಬಸವನಗುಡಿ_ಆರುತಂತಿ

ಬಿಚ್ಚಿದೆ. ಡ್ವೆಲ್ 10, ಗಿಟಾರ್ 7, ಕೂಗೇ ಇಲ್ಲ! ಈಗ ಡ್ರೈ ಹೇಗೆ ಕೊಡ್ಲಿ?

ಸಿಗ್ನಲ್_ಪಥ

ಆ ಕ್ಯಾಥೋಡ್ ಫಾಲೋವರನ್ನ ಔಟ್‌ಪುಟ್‌ನಿಂದ ತೆಗೆದು ಇನ್‌ಪುಟ್‌ಗೆ ಹಾಕಿ. ಜ್ಯಾಕ್‌ನಿಂದ ಅದರ ಗ್ರಿಡ್, ಕ್ಯಾಥೋಡ್‌ನಿಂದ 1 ಮೈಕ್ರೋಫ್ಯಾರಡ್, ಅದೇ ಡ್ರೈ. ಕ್ಯಾಥೋಡ್‌ನಿಂದ ಗ್ರಿಡ್‌ಗೆ ಹಿಂದೆ ಹೋಗೋ ದಾರಿ ಇಲ್ಲ, ಲೂಪ್ ಕಡಿದ ಹಾಗೆ. ಡ್ರೈ ಮತ್ತು ವೆಟ್ ಎರಡನ್ನೂ ರೆಸಿಸ್ಟರ್‌ನಿಂದ ಸೇರಿಸಿ, ಡ್ರೈಗೆ 220ಕೆ, ವೆಟ್ ಪಾಟ್‌ನ ನಡುಗಾಲಿಂದ 470ಕೆ.

ಗ್ರಿಡ್‌ಸ್ಟಾಪರ್

ಅಷ್ಟು ದೊಡ್ಡ ಬೆಲೆ ಹಾಕ್ಬೇಡಿ. ಔಟ್‌ಪುಟ್‌ನಲ್ಲಿ ಈಗ ಫಾಲೋವರ್ ಇಲ್ಲ, ಕೇಬಲ್ ಕಾಣೋದು 150ಕೆ. ಐದು ಮೀಟರ್ ಕೇಬಲ್ 500 ಪಿಕೋ ಅಂದ್ರೆ 2.1 ಕಿಲೋಹರ್ಟ್ಸ್ ಮೇಲೆ ಎಲ್ಲಾ ಮಂಕು. ಎರಡನ್ನೂ ಹತ್ತರಲ್ಲೊಂದು ಮಾಡಿ: 22ಕೆ, 47ಕೆ, ವೆಟ್ ಪಾಟ್ 100ಕೆ ಲಾಗ್. ಆಗ 15ಕೆ, 21 ಕಿಲೋಹರ್ಟ್ಸ್ ತನಕ ಸಲೀಸು.

ಸಿಗ್ನಲ್_ಪಥ

ಒಪ್ಪಿದೆ, ಅದೇ ಸರಿ. ಅನುಪಾತ ಹಾಗೇ ಉಳಿಯುತ್ತೆ. ಡ್ರೈ 3.3 ಡೆಸಿಬೆಲ್ ಕಮ್ಮಿಯಾಗುತ್ತೆ, ವೆಟ್ ಹತ್ತಿರಹತ್ತಿರ 10. ವೆಟ್ ಧಾರಾಳ ಇರೋದ್ರಿಂದ ತೊಂದರೆ ಇಲ್ಲ.

ಮಲ್ಲೇಶ್ವರಂ_ಮ್ಯಾಂಡೊಲಿನ್

ಹಾಗಾದ್ರೆ ಮಿಕ್ಸರ್ ನಾಬ್ ತಿರುಗಿಸಿದಾಗ ಡ್ರೈ ಕಮ್ಮಿ ಆಗಲ್ಲ, ವೆಟ್ ಮಾತ್ರ ಏರುತ್ತೆ, ಅಲ್ವಾ?

ಸಿಗ್ನಲ್_ಪಥ

ಹೌದು ಮೇಡಂ. ಪೂರ್ತಿ ವೆಟ್ ಬೇಕಾದ್ರೆ ಆ 22ಕೆಗೆ ಒಂದು ಸ್ವಿಚ್ ಹಾಕಿ ಬಿಡಿಸೋ ಹಾಗೆ ಮಾಡಬಹುದು.

ಬಸವನಗುಡಿ_ಆರುತಂತಿ

22ಕೆ, 47ಕೆ ಹಾಕಿದೆ. ಡ್ವೆಲ್ 10ರ ತನಕ ಕೂಗಿಲ್ಲ, ಕೇಬಲ್ ಹಾಕಿದ್ರೂ ಮೇಲಿನ ಸ್ವರ ಹಾಗೇ ಇದೆ. ಚಿಳುಕ್ ಸದ್ದು 5ರಿಂದ 7ರ ಮಧ್ಯೆ ಅತಿ ಚೆನ್ನಾಗಿ ಬರುತ್ತೆ, ಆಮೇಲೆ ಬರೀ ಒರಟು. ಟ್ಯಾಂಕ್ ಕೆಳಗೆ ಮುಚ್ಚಳ ಹಾಕಬೇಕಾ, ಬಾಯಿ ತೆರೆದೇ ಬಿಡಬೇಕಾ?

ಶೀಟ್‌ಮೆಟಲ್_ಪೀಣ್ಯ

3 ಮಿಮೀ ರಟ್ಟು ಬಾಯಿಗೆ ಹಿಡಿಸಿ, ಸ್ಪ್ರಿಂಗ್‌ಗೆ ತಾಗದ ಹಾಗೆ. ತೆರೆದು ಬಿಟ್ರೆ ಧೂಳು ಕೂರುತ್ತೆ. ಪೆಟ್ಟಿಗೆ ಹೊತ್ತು ಹೋಗೋವಾಗ ಸ್ಪ್ರಿಂಗ್ ಸಾಲುಗಳ ಮಧ್ಯೆ ಒಂದು ಮೆತ್ತನೆ ಫೋಮ್ ಪಟ್ಟಿ ಸಿಕ್ಕಿಸಿ, ಬಾರಿಸೋ ಮುಂಚೆ ತೆಗೀರಿ.